ಉದ್ಯೋಗದ ವೇಳೆ ಮತ್ತು ಸತ್ಯಾಣುವ್ರತ

ಸತ್ಯವು ಆಡುವ ಮಾತಿಗೆ ಮಾತ್ರ ಸಂಬಂಧಿಸಿದ ವ್ರತವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಿತ್ಯದ ವ್ಯವಹಾರದಲ್ಲಿ ಆಡದೆ ಉಳಿಸಿಕೊಂಡ ಮಾತಿಗೂ, ಯೋಚಿಸದೆ ಕೊಟ್ಟ ಒಪ್ಪಿಗೆಗೂ ಸತ್ಯದೊಡನೆ ಸಂಬಂಧವುಂಟು. ಹಸುಗೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಉದ್ಯೋಗದ ಸಂದರ್ಶನಕ್ಕೆ ಹೊರಟ ತಾಯಿಗೆ ಈ ಸಂಬಂಧವು ಇಕ್ಕಟ್ಟಾಗಿಯೇ ಎದುರಾಗುತ್ತದೆ. ಕೆಲಸದ ವೇಳೆಯಲ್ಲಿ ಹೊಂದಾಣಿಕೆಗೆ ಅವಕಾಶವುಂಟೆ ಎಂದು ಆಕೆ ಕೇಳಬಹುದೆ? ಕೇಳಿದರೆ ಕೆಲಸ ಕೈತಪ್ಪೀತೆಂಬ ಭಯ. ಕೇಳದೆ ಒಪ್ಪಿಕೊಂಡರೆ ವಂಚನೆಯಾದೀತೆಂಬ ಅಳುಕು.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ದಾರಿಯ ದೂರವೂ ಸೇರಿಕೊಳ್ಳುತ್ತದೆ. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರಿಗೆ 40 ಕಿಲೋಮೀಟರಿಗೂ ಹೆಚ್ಚಿನ ಹಾದಿ. ನಗರದ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ರಾಜೇಂದ್ರ ಗಂಜಿನ ಅಡತಿ ಅಂಗಡಿಯ ಲೆಕ್ಕಪತ್ರದಲ್ಲೋ 10 ಗಂಟೆಗೆ ಕುಳಿತಿರಬೇಕೆಂದರೆ 8 ಗಂಟೆಗೇ ಬಸ್ ನಿಲ್ದಾಣದಲ್ಲಿರಬೇಕು. ಸಂಜೆ 6ಕ್ಕೆ ಬಿಟ್ಟರೆ ಮನೆ ಮುಟ್ಟುವಾಗ ಏಳೂವರೆಯಾಗಿರುತ್ತದೆ. ಎಂಟು ಗಂಟೆಯ ಕೆಲಸವು ಕೂಸಿನ ಪಾಲಿಗೆ ಹನ್ನೊಂದೂವರೆ ಗಂಟೆಯ ಅಗಲಿಕೆಯಾಗುತ್ತದೆ. ಆದುದರಿಂದ ಆಕೆ ಕೇಳುವ ಅರ್ಧ ಗಂಟೆಯು ತನ್ನ ಸುಖಕ್ಕಾಗಿ ಕೇಳಿದ್ದಲ್ಲ. ಅದು ಇನ್ನೊಂದು ಜೀವದ ಆಹಾರದ ವೇಳೆ.

"ಮೊದಲು ಕೆಲಸ ಸಿಗಲಿ ತಾಯಿ, ಉಳಿದದ್ದು ಆಮೇಲೆ ನೋಡೋಣ" ಎಂದು ಮನೆಯ ಹಿರಿಯರು ಹೇಳುವುದುಂಟು. ಅನುಭವದಿಂದ ಬಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇದರಲ್ಲಿ ಎರಡು ಬಗೆಯ ಮೌನಗಳು ಬೆರೆತಿವೆ. ತನಗೆ ಮಗುವಿದೆಯೆಂದು ತಾನಾಗಿ ಸಾರದಿರುವುದು ಒಂದು. ಪಾಲಿಸಲಾರೆನೆಂದು ತಿಳಿದಿದ್ದೂ ವೇಳೆಗೆ ತಲೆಯಾಡಿಸುವುದು ಇನ್ನೊಂದು.

ಮೊದಲನೆಯದು ಅಸತ್ಯವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸ್ಥೂಲವಾದ ಸುಳ್ಳನ್ನು ಬಿಡುವುದರ ಜೊತೆಗೆ, ವಿಪತ್ತನ್ನು ತರುವ ಸತ್ಯವನ್ನು ಆಡದಿರುವುದನ್ನೂ ಗೃಹಸ್ಥನ ಸತ್ಯವ್ರತದಲ್ಲಿ ಸೇರಿಸಿದೆ. ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂಬ ವಿಧಿ ಶ್ರಾವಕನಿಗಿಲ್ಲ. ಲೌಕಿಕ ನ್ಯಾಯವೂ ಇದನ್ನು ಮನಗಂಡಿದೆ. ಜೀವ ವಿಮಾ ನಿಗಮವು ಒಂದು ಕಾಲದಲ್ಲಿ ಉದ್ಯೋಗಕ್ಕೆ ಬರುವ ಸ್ತ್ರೀಯರಿಂದ ಋತುಸ್ರಾವ, ಗರ್ಭಧಾರಣೆ, ಗರ್ಭಪಾತಗಳ ವಿವರಗಳನ್ನು ಬರೆಸಿಕೊಳ್ಳುತ್ತಿತ್ತು. ತನ್ನ ಗರ್ಭದ ಸಂಗತಿಯನ್ನು ಮರೆಮಾಚಿದಳೆಂಬ ಕಾರಣದಿಂದ ಪರೀಕ್ಷಾರ್ಥ ಅವಧಿಯಲ್ಲೇ ತೆಗೆದುಹಾಕಲ್ಪಟ್ಟ ಒಬ್ಬ ಉದ್ಯೋಗಿನಿಯನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಮರಳಿ ಕೆಲಸಕ್ಕೆ ಸೇರಿಸಿತು. ಆ ಪ್ರಶ್ನೆಗಳನ್ನು ಅರ್ಜಿಯಿಂದ ತೆಗೆಯುವಂತೆಯೂ ನಿಗಮಕ್ಕೆ ಸೂಚಿಸಿತು. ಕೇಳಬಾರದ್ದನ್ನು ಕೇಳುವವನು ಸುಳ್ಳಿಗೆ ತಾನೇ ಬಾಗಿಲು ತೆರೆಯುತ್ತಾನೆ. ಆ ಪಾಪದಲ್ಲಿ ಅವನಿಗೂ ಪಾಲುಂಟು.

ಎರಡನೆಯ ಮೌನದ ಸಂಗತಿ ಬೇರೆ. "ಬೆಳಿಗ್ಗೆ ಒಂಬತ್ತಕ್ಕೆ ಬರಬೇಕು, ಆಗುತ್ತದೆಯೆ?" ಎಂದಾಗ ಆಗದೆಂದು ಬಲ್ಲವಳು "ಆಗುತ್ತದೆ" ಎಂದರೆ ಅದು ವಚನವಾಯಿತು. ಆ ವಚನವನ್ನು ನಂಬಿ ಮಾಲೀಕನು ಇನ್ನೊಬ್ಬರನ್ನು ಮರಳಿ ಕಳುಹಿಸಿರುತ್ತಾನೆ. ಮಾಯಾಕಷಾಯವು ಇಲ್ಲಿ ಸದ್ದಿಲ್ಲದೆ ಒಳಸೇರುತ್ತದೆ. ಆದುದರಿಂದ ವೇಳೆಯನ್ನು ಕುರಿತು ಕೇಳುವ ಪ್ರಶಸ್ತ ಸಮಯವೆಂದರೆ ಕೆಲಸದ ಸ್ವರೂಪವನ್ನು ತಿಳಿದುಕೊಂಡ ಮೇಲೆ, ಒಪ್ಪಿಗೆ ಕೊಡುವ ಮೊದಲು. ಕೇಳುವ ರೀತಿಯೂ ಸ್ಪಷ್ಟವಾಗಿರಲಿ. "ಮಾನ್ವಿಯಿಂದ ಬರುತ್ತೇನೆ. ಅರ್ಧ ಗಂಟೆ ತಡವಾಗಿ ಬಂದು, ಆ ಹೊತ್ತಿನ ಲೆಕ್ಕದ ಕೆಲಸವನ್ನು ಮನೆಯಲ್ಲಿ ಮುಗಿಸಿಕೊಡಲು ಅವಕಾಶವುಂಟೆ?" ಎಂದರೆ ಸಾಕು. ಇದರಲ್ಲಿ ಯಾಚನೆಯೂ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ. ಕೊಡಬಲ್ಲ ದುಡಿಮೆಯ ನಿಜವಾದ ಅಳತೆ ಮಾತ್ರ ಇದೆ.

ಕಾಯ್ದೆಯು ಕೊಟ್ಟಿರುವುದನ್ನು ಬೇಡಬೇಕಾದ ಅಗತ್ಯವಿಲ್ಲವೆಂಬುದೂ ತಿಳಿದಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ಹಾಲೂಡಲು ದಿನಕ್ಕೆ ಎರಡು ವಿರಾಮಗಳನ್ನು ಕೊಟ್ಟಿತು. 2017ರ ತಿದ್ದುಪಡಿಯು ವೇತನಸಹಿತ ರಜೆಯನ್ನು ಮೊದಲೆರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುವಿಹಾರವಿರಬೇಕೆಂದಿತು. ಈ ಸೌಲಭ್ಯಗಳನ್ನು ನೇಮಕದ ಸಮಯದಲ್ಲೇ ಪ್ರತಿಯೊಬ್ಬ ಸ್ತ್ರೀಗೂ ಲಿಖಿತವಾಗಿ ತಿಳಿಸಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳು ಸೇರಿವೆ. ಅಂದರೆ ಮೊದಲು ಬಾಯಿ ತೆರೆಯಬೇಕಾದವನು ಉದ್ಯೋಗದಾತನೇ.

ಆದರೆ ಹತ್ತು ಜನರಿಗಿಂತ ಕಡಿಮೆಯಿರುವ ಅಂಗಡಿಗಳಿಗೆ ಈ ವಿಧಿಗಳು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನಮ್ಮವರ ಅಂಗಡಿಗಳಲ್ಲಿ ಹಲವು ಅಂಥವೇ. ಕಾಯ್ದೆ ನಿಂತಲ್ಲಿ ವ್ರತವು ನಿಲ್ಲುತ್ತದೆಯೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಎಣಿಸಿದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳೂ ಇವೆ. ಎತ್ತಿನ ಮೇಲೆ ಮಿತಿಮೀರಿ ಹೇರುವುದೂ, ಅಧೀನದ ಜೀವಿಗೆ ಹೊತ್ತಿಗೆ ಸರಿಯಾಗಿ ಆಹಾರ ಸಿಗದಂತೆ ಮಾಡುವುದೂ ಹಿಂಸೆಯ ಅಂಶಗಳೆಂದು ನಾವು ಕೇಳುತ್ತ ಬಂದಿದ್ದೇವೆ. ಹಾಲೂಡುವ ತಾಯಿಯನ್ನು ಅಗತ್ಯವಿಲ್ಲದೆಯೂ ಹನ್ನೊಂದು ಗಂಟೆ ಕೂಸಿನಿಂದ ದೂರವಿಡುವ ನಿಯಮವನ್ನು ಇದೇ ತಕ್ಕಡಿಯಲ್ಲಿ ತೂಗಬೇಡವೆ?

"ನಾಲ್ವರಿರುವ ಅಂಗಡಿಯಲ್ಲಿ ಒಬ್ಬರು ತಡವಾಗಿ ಬಂದರೆ ಉಳಿದ ಮೂವರು ಭಾರ ಹೊರಬೇಕು" ಎಂಬ ಆಕ್ಷೇಪ ನ್ಯಾಯವಾದುದು. ಹತ್ತಿ, ಭತ್ತಗಳ ಆವಕ ಹೆಚ್ಚಿದ ದಿನಗಳಲ್ಲಿ ಗಂಜಿನ ಮಾಲೀಕನಿಗೆ ನಿಜವಾಗಿಯೂ ಹೊಂದಾಣಿಕೆ ಸಾಧ್ಯವಾಗದಿರಬಹುದು. ಹಾಗಿದ್ದರೆ ಹಾಗೆಂದೇ ಹೇಳುವುದು ಅವನ ಸತ್ಯ. ಬೇರೆಡೆ ಪ್ರಯತ್ನಿಸಲು ಆಕೆಗೆ ಆಗ ದಾರಿ ಉಳಿಯುತ್ತದೆ. "ನೋಡೋಣ ಬನ್ನಿ" ಎಂದು ಸೇರಿಸಿಕೊಂಡು ಮೂರನೆಯ ವಾರದಲ್ಲಿ ಗದರಿಸುವುದು ಧರ್ಮವಲ್ಲ. ಪ್ರಶ್ನೆ ಕೇಳಿದ ಮಾತ್ರಕ್ಕೆ ಆಕೆ ಶ್ರದ್ಧೆಯಿಲ್ಲದವಳೆಂದು ಬಗೆಯುವುದು ಇನ್ನೂ ಅನ್ಯಾಯ. ಪಾಲಿಸಲಾರದ ಮಾತನ್ನು ಕೊಡಲು ಹಿಂಜರಿಯುವವಳು ನಂಬಿಕೆಗೆ ಹೆಚ್ಚು ಅರ್ಹಳು.

ವೇಳೆಯ ಹೊಂದಾಣಿಕೆ ನಮಗೆ ಹೊಸದೇನೂ ಅಲ್ಲ. ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸಲು ಗಲ್ಲೆಯಿಂದ ಏಳುವ ಯಜಮಾನರನ್ನು ನಾವೆಲ್ಲ ಕಂಡಿದ್ದೇವೆ. ಗಿರಾಕಿಗಳು ಕಾಯುತ್ತಾರೆ, ವ್ಯಾಪಾರ ಕೆಡುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಪೂಜೆಯ ಹೊತ್ತಿಗೆ ಅಂಗಡಿಯ ಹೊತ್ತನ್ನು ಹೊಂದಿಸಿಕೊಳ್ಳುತ್ತೇವೆ. ವ್ರತಕ್ಕಾಗಿ ಹೊತ್ತನ್ನು ಬಾಗಿಸಬಲ್ಲವರು ಹಸಿದ ಕೂಸಿಗಾಗಿ ಬಾಗಿಸಲಾರೆವೆನ್ನುವುದು ಸಲ್ಲದು. ಈ ಪ್ರಶ್ನೆಯನ್ನು ತಾಯಿಯೊಬ್ಬಳ ತಲೆಗೇ ಕಟ್ಟುವುದೂ ಸಲ್ಲದು. ಸಂದರ್ಶನಕ್ಕೆ ಹೋಗುವ ತಂದೆಯೂ ಅದನ್ನು ಕೇಳಲಿ. ವಾರಕ್ಕೆರಡು ಸಂಜೆ ಆತನು ಬೇಗ ಮನೆ ಸೇರಿದರೆ ಆಕೆಯ ಭಾರ ಅಷ್ಟು ಇಳಿಯುತ್ತದೆ.

ಶಾಲೆಯನ್ನೋ ವಸತಿನಿಲಯವನ್ನೋ ಚಿಕಿತ್ಸಾಲಯವನ್ನೋ ನಡೆಸುವ ಬಸದಿ, ಮಂದಿರಗಳ ಟ್ರಸ್ಟುಗಳು ಇದಕ್ಕೆ ಮೊದಲಿಡಬಹುದು. ಕೆಲಸದ ವೇಳೆ, ಸಾಧ್ಯವಿರುವ ಹೊಂದಾಣಿಕೆ, ಹಾಲೂಡಲು ವಿರಾಮ ಮತ್ತು ಅದಕ್ಕೊಂದು ಮರೆಯಾದ ಕೋಣೆ ಇವುಗಳನ್ನು ನೇಮಕದ ಪ್ರಕಟಣೆಯಲ್ಲೇ ನಮೂದಿಸಲಿ. ಒಪ್ಪಿಕೊಂಡದ್ದನ್ನು ನೇಮಕ ಪತ್ರದಲ್ಲಿ ಬರೆದುಕೊಡಲಿ. ತಪ್ಪಿದ ಗಂಟೆಯನ್ನು ಹೇಗೆ ತುಂಬಿಕೊಡಬೇಕೆಂಬುದನ್ನೂ ಅಲ್ಲೇ ಬರೆಯಲಿ. ಆಗ ಜೊತೆಯವರಿಗೆ ಅಸಮಾಧಾನ ಉಳಿಯದು. ದೇವದುರ್ಗದಿಂದ ಬಸ್ಸು ಹತ್ತುವ ತಾಯಿಯೂ ತಾನು ಎಷ್ಟಕ್ಕೆ ಒಪ್ಪಿಕೊಂಡಿದ್ದೇನೆಂಬುದನ್ನು ತಿಳಿದೇ ಹತ್ತುತ್ತಾಳೆ.