ಯೂದನ ಪಶ್ಚಾತ್ತಾಪ: ಒಂದು ಮೀಮಾಂಸೆ

ಒಂದೇ ರಾತ್ರಿ ಇಬ್ಬರು ಶಿಷ್ಯರು ಯೇಸುವಿಗೆ ಎರಡು ಬಗೆದರು. ಇಸ್ಕರಿಯೋತ ಯೂದ ಗೆತ್ಸೆಮನೆ ತೋಟಕ್ಕೆ ಜನರನ್ನು ಕರೆತಂದು, ಮುತ್ತಿಟ್ಟು ಗುರುವಿನ ಗುರುತು ತೋರಿಸಿದ. ಸೀಮೋನ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ತಾನರಿಯೆನೆಂದು ಮೂರು ಸಲ ಹೇಳಿದ. ಒಬ್ಬನ ಹೆಸರು ಬೈಗುಳವಾಯಿತು. ಇನ್ನೊಬ್ಬನ ಹೆಸರಿನಲ್ಲಿ ವ್ಯಾಟಿಕನ್ನಿನ ಮಹಾದೇವಾಲಯ ನಿಂತಿದೆ. ಇಷ್ಟು ಅಂತರಕ್ಕೆ ಆಧಾರವೇನು ಎಂಬುದೇ ಇಲ್ಲಿಯ ವಿಷಯ.

ಪೇತ್ರ ಪಶ್ಚಾತ್ತಾಪಪಟ್ಟ, ಯೂದ ಪಡಲಿಲ್ಲ ಎಂಬ ಉತ್ತರ ಪ್ರಸಿದ್ಧ. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯದ ಎದುರು ಅದು ನಿಲ್ಲದು. ಅಲ್ಲಿ ಯೂದ ಪರಿತಪಿಸುತ್ತಾನೆ, 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಒಯ್ಯುತ್ತಾನೆ, ನಿರಪರಾಧಿಯನ್ನು ಒಪ್ಪಿಸಿದ್ದು ಪಾಪವೆಂದು ಬಾಯಿಬಿಟ್ಟು ಹೇಳುತ್ತಾನೆ. ಪೇತ್ರ ಮಾಡಿದ್ದು ಇದಕ್ಕಿಂತ ಕಡಿಮೆಯೇ: ಹೊರಗೆ ಹೋಗಿ ಅತ್ತ. ಅಂಗಳಕ್ಕೆ ಮರಳಿ ತನ್ನ ಸುಳ್ಳನ್ನು ಒಪ್ಪಿಕೊಳ್ಳಲಿಲ್ಲ.

ವ್ಯತ್ಯಾಸ ತಪ್ಪಿನ ತೂಕದಲ್ಲೇ ಇದೆ ಎನ್ನುವನು ಪೂರ್ವಪಕ್ಷಿ. ಯೂದನದು ಹಣಕ್ಕಾಗಿ ಹೂಡಿದ ಸಂಚು, ಪೇತ್ರನದು ಜೀವಭಯಕ್ಕೆ ಹೊರಳಿದ ನಾಲಿಗೆ. ಸುವಾರ್ತೆಗಳು ಇದಕ್ಕೆ ಕೊಡುವ ಬೆಂಬಲ ಅರ್ಧಂಬರ್ಧ. ಮಾರ್ಕ ಯೂದನ ಉದ್ದೇಶವನ್ನೇ ಹೇಳುವುದಿಲ್ಲ. ಹಣ ಕೊಡುತ್ತೇವೆಂದವರು ಯಾಜಕರು. ಮತ್ತಾಯನಲ್ಲಿ ಯೂದನೇ ಬೆಲೆ ಕೇಳುತ್ತಾನೆ. ಲೂಕ, ಸೈತಾನ ಹೊಕ್ಕನೆನ್ನುತ್ತಾನೆ. ಯೋಹಾನ ಅದನ್ನೂ ಹೇಳಿ, ಶಿಷ್ಯರ ಹಣದ ಚೀಲದಿಂದ ಕದಿಯುತ್ತಿದ್ದನೆಂದೂ ಸೇರಿಸುತ್ತಾನೆ. ಬರೆಯುವವರು ಘಟನೆಯಿಂದ ದೂರವಾದಷ್ಟೂ ಕಾರಣಗಳು ಹೆಚ್ಚುತ್ತವೆ. ಕಾರಣ ತಿಳಿಯದವರು ಮಾತಾಡುವುದೇ ಹೀಗೆ. ಮೊತ್ತವೂ ದೊಡ್ಡದಲ್ಲ. ಎತ್ತು ಹಾಯ್ದು ದಾಸನೊಬ್ಬ ಸತ್ತರೆ ವಿಮೋಚನಕಾಂಡ ಅವನ ಒಡೆಯನಿಗೆ ಕೊಡಿಸುವ ಪರಿಹಾರ 30 ಶೆಕೆಲ್ ಬೆಳ್ಳಿ. ಬೇಥಾನ್ಯದಲ್ಲಿ ಒಬ್ಬ ಹೆಂಗಸು ಯೇಸುವಿನ ತಲೆಗೆ ಸುರಿದ ತೈಲಕ್ಕೆ 300 ದಿನಾರಿಗೂ ಮಿಗಿಲಾದ ಬೆಲೆ, ಎಂದರೆ ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಆ ಕಥೆಯ ಬೆನ್ನಿಗೇ ಮಾರ್ಕ ಯೂದನನ್ನು ಯಾಜಕರ ಬಳಿಗೆ ಕಳಿಸುತ್ತಾನೆ. ಅವಳು ಕೊಟ್ಟದ್ದೆಷ್ಟು, ಇವನು ಪಡೆದದ್ದೆಷ್ಟು ಎಂಬುದನ್ನು ಓದುವವನೇ ತೂಗಿಕೊಳ್ಳಬೇಕು.

ಎಲ್ಲವೂ ಮೊದಲೇ ಬರೆದಿದ್ದರೆ ಯೂದನ ತಪ್ಪೇನು, ಅವನಿಲ್ಲದೆ ಶಿಲುಬೆಯೂ ಇಲ್ಲ, ಬಲಿದಾನವೂ ಇಲ್ಲ ಎಂಬುದು ಇನ್ನೊಂದು ಆಕ್ಷೇಪ. 2006ರಲ್ಲಿ ಪ್ರಕಟವಾದ ಕಾಪ್ಟಿಕ್ ಭಾಷೆಯ 'ಯೂದನ ಸುವಾರ್ತೆ'ಯಲ್ಲಂತೂ ಯೇಸು ಅವನೊಬ್ಬನಿಗೇ ರಹಸ್ಯ ಉಪದೇಶಿಸುತ್ತಾನೆ. ಆದರೆ ಪೇತ್ರನ ನಿರಾಕರಣೆಯನ್ನೂ ಯೇಸು ಮೊದಲೇ ನುಡಿದಿದ್ದ. ಮುನ್ನುಡಿದದ್ದು ತಪ್ಪನ್ನು ತೊಳೆಯುವುದಾದರೆ ಇಬ್ಬರದನ್ನೂ ತೊಳೆಯಬೇಕು. ಅಂತರದ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಸಿದ್ಧಾಂತ ಹೀಗೆ: ಇಬ್ಬರೂ ಪಶ್ಚಾತ್ತಾಪವನ್ನು ಯಾರ ಬಳಿಗೆ ಒಯ್ದರು ಎಂಬುದರಲ್ಲಿ ಭೇದವಿದೆ. ಯೂದ ಹೋದದ್ದು ಪಾಪದಲ್ಲಿ ಪಾಲುದಾರರಾದ ಯಾಜಕರ ಬಳಿಗೆ. ಅದು ನಿನ್ನ ಪಾಡೆಂದು ಅವರು ಕೈಕೊಡವಿದರು. ಪೇತ್ರ, ತೋಟದಿಂದ ಓಡಿದವರ ಗುಂಪಿನಲ್ಲೇ ಉಳಿದ. ಅಲ್ಲಿ ಅವನನ್ನು ಹಳಿಯುವ ಯೋಗ್ಯತೆ ಯಾರಿಗಿತ್ತು? ದೂರದಿಂದಾದರೂ ಶಿಲುಬೆಯನ್ನು ನೋಡುತ್ತ ನಿಂತವರು ಮಗ್ದಲದ ಮರಿಯ ಮೊದಲಾದ ಹೆಂಗಸರೆಂದು ಮಾರ್ಕ ಹೇಳುತ್ತಾನೆ. ಬರಿದಾದ ಸಮಾಧಿಯಲ್ಲಿ ಶಿಷ್ಯರಿಗೆ ಮುಟ್ಟಿಸಬೇಕೆಂದು ಅವರ ಕೈಗೆ ಬಂದ ಸುದ್ದಿಯಲ್ಲಿ ಪೇತ್ರನ ಹೆಸರು ಬೇರೆಯಾಗಿಯೇ ಇತ್ತು. ಸಾಯುವುದಕ್ಕೂ ಸಿದ್ಧನೆಂದು ಕಡೆಯ ಊಟದ ರಾತ್ರಿ ಆಣೆಯಿಟ್ಟವನು ಅವನು. ಗಲಿಲಾಯ ಸರೋವರದ ದಡದಲ್ಲಿ, ಮತ್ತೆ ಎದ್ದುಬಂದ ಯೇಸು ಅವನಿಂದ ಆಣೆ ಕೇಳುವುದಿಲ್ಲ. ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿ, ಕುರಿ ಮೇಯಿಸೆನ್ನುತ್ತಾನೆ. ಅವನ ಪ್ರಾಣಾರ್ಪಣೆಯ ಮಾತು ಬರುವುದು ಆಮೇಲೆ.

ಯೂದನಿಗೆ ಆ ಬಾಗಿಲು ಮುಚ್ಚಿತ್ತೇ? ಲೂಕನ ಪ್ರಕಾರ ಆ ಊಟದಲ್ಲಿ ರೊಟ್ಟಿಯನ್ನೂ ಪಾತ್ರೆಯನ್ನೂ ಹಂಚಿದ ಮೇಲೂ ಅವನ ಕೈ ಅದೇ ಮೇಜಿನ ಮೇಲಿತ್ತು. ಕಾಲ ಮಾತ್ರ ಮುಚ್ಚಿತು ಎನ್ನುವನು ಪೂರ್ವಪಕ್ಷಿ: ಪೇತ್ರನಿಗೆ ಭಾನುವಾರ ಸಿಕ್ಕಿತು, ಮತ್ತಾಯನ ಯೂದ ಶುಕ್ರವಾರವೇ ನೇಣು ಹಾಕಿಕೊಂಡ, ಅದೃಷ್ಟವನ್ನು ಗುಣವೆಂದು ಎಣಿಸುವುದು ಯಾವ ನ್ಯಾಯ? ಇದರಲ್ಲಿ ಅರ್ಧವನ್ನು ಒಪ್ಪಲೇಬೇಕು. ಆ ಸಾವು ಪಾಪವನ್ನು ಕಳೆಯದೆ ಇನ್ನಷ್ಟು ಕೂಡಿಸಿತೆಂದ ಆಗಸ್ಟೀನನ ಕಟುತನ ನನಗೆ ಹಿಡಿಸದು. ಅವನಿಗಿಂತ ಮುಂಚಿನ ಒರಿಗನ್, ಸಾಯಲಿರುವ ಗುರುವಿಗಿಂತ ಮೊದಲೇ ಪರಲೋಕ ಸೇರಿ ಅಲ್ಲಿ ಕರುಣೆ ಬೇಡಲೆಂದು ಯೂದ ಆತುರಪಟ್ಟಿರಬಹುದೆಂದು ಊಹಿಸಿದ. ಹಾಗಿದ್ದರೂ ಸಿದ್ಧಾಂತಕ್ಕೆ ಬಾಧೆಯಿಲ್ಲ; ಯಾರ ಬಳಿಗೆ ಹೋಗಬೇಕೆಂಬುದು ಅವನಿಗೂ ಹೊಳೆದಿತ್ತು ಎಂದಾಗುತ್ತದೆ. ಉಳಿದ ಅರ್ಧ ಜೊತೆಗಾರರ ಪಾಲಿನದು. ಹನ್ನೊಂದು ಮಂದಿಯಲ್ಲಿ ಒಬ್ಬನಾದರೂ ಅವನನ್ನು ಹುಡುಕಿ ಹೊರಟನೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ತೆರವಾದ ಜಾಗಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದರು.