ಒರೆಸಿಹೋದ ಸಾಲು

ಕಳೆದ ಪಿತೃಪಕ್ಷಕ್ಕೆ ತಂಗಿಯ ಮಗ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಪಶ್ಚಿಮವಾಹಿನಿಯಲ್ಲಿ ತರ್ಪಣ, ಮಧ್ಯಾಹ್ನ ಎಡೆ, ಊಟ. ಆಮೇಲೆ ಜಗುಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವನ ಮುಂದೆ ನನ್ನ ದೂರು ಇಟ್ಟೆ. ಅವನೂ ಅವನ ಗೆಳೆಯರೂ ಬಿಡುವಿನಲ್ಲಿ ಬರೆದು ನನಗೆ ಹಾಕಿಕೊಟ್ಟ ಎಡಿಟರ್ ಒಂದಿದೆ. ಎಡ ಕಿಟಕಿಯಲ್ಲಿ ಶಾಸನದ ಪಾಠ, ಬಲ ಕಿಟಕಿಯಲ್ಲಿ ನನ್ನ ಟಿಪ್ಪಣಿ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ 6ನೇ ಸಂಪುಟದಲ್ಲಿವೆ, ನಾಗಮಂಗಲದವು 7ರಲ್ಲಿ. ನಿವೃತ್ತಿಯ ನಂತರ ಈ ಎರಡು ಸಂಪುಟಗಳೇ ನನ್ನ ಕಾಲಕ್ಷೇಪ. ಹಾಗಿರುವಾಗ ಒಂದು ಮಧ್ಯಾಹ್ನವಿಡೀ ಬರೆದದ್ದು ಮರುದಿನ ನೋಡಿದರೆ ಇಲ್ಲ. ಉಳಿಸಲು ಆಗಲಿಲ್ಲ ಎಂದು ಒಂದು ಮಾತು ಹೇಳಬಾರದಿತ್ತೆ ಈ ಯಂತ್ರ?

ಅವನು ಅದನ್ನೂ ಇದನ್ನೂ ಒತ್ತಿ ನೋಡಿದ. ಆಮೇಲೆ ನಕ್ಕ. "ಹೇಳೈತೆ ಮಾವ. ಹೇಳಿದ್ನ ಸ್ಕ್ರೀನೇ ಒರೆಸಾಕ್ಬಿಟ್ಟೈತೆ."

ಪರದೆಯಲ್ಲಿ ಕಿಟಕಿ ಎಷ್ಟೇ ಇರಲಿ, ಸಂದೇಶಕ್ಕೆ ಇರುವುದು ತಳದಲ್ಲಿ ಒಂದೇ ಸಾಲು. ಬಲಗಡೆಯ ಕಡತ ಉಳಿಯಲಿಲ್ಲ ಎಂಬ ಮಾತು ಆ ಸಾಲಿಗೆ ಬಂದದ್ದು ನಿಜ. ಆದರೆ ಅದೇ ಗಳಿಗೆಗೆ ಎಡ ಕಿಟಕಿಯಲ್ಲೇನೋ ಬದಲಾಗಿ, ಪರದೆ ತನ್ನನ್ನು ತಾನು ಮೇಲಿಂದ ಕೆಳಗಿನವರೆಗೆ ಮತ್ತೆ ಬರೆದುಕೊಂಡಿತು. ಹಬ್ಬದ ದಿನ ಒಬ್ಬಳು ಬಾಗಿಲಲ್ಲಿ ರಂಗೋಲಿ ಇಟ್ಟು ಒಳಗೆ ಹೋದಳು, ಇನ್ನೊಬ್ಬಳು ಬಂದು ನೀರು ಹಾಕಿ ಸಾರಿಸಿದಳು. ಇಬ್ಬರದೂ ತಪ್ಪಿಲ್ಲ. ತಪ್ಪಿದ್ದು ಹಿಂದುಮುಂದು.

ನಮ್ಮ ಮನೆಗಳಲ್ಲಿ ಎಷ್ಟು ಮಾತು ಹೀಗೇ ಹೋಗಿವೆ? ಹೇಳಿದೆನಲ್ಲ ಎನ್ನುತ್ತೇವೆ ನಾವು. ಕೇಳಲಿಲ್ಲವಲ್ಲ ಎನ್ನುತ್ತಾರೆ ಅವರು. ಎರಡೂ ನಿಜವಾಗಿದ್ದೇ ಜಗಳ ಆಗುವುದು ಎಷ್ಟು ಸಲ! ಬಾಯಿಂದ ಹೊರಟ ಮಾತ್ರಕ್ಕೆ ಮಾತು ಆಡಿದಂತಾಯಿತೆ? ಕಿವಿಗೆ ಮುಟ್ಟುವವರೆಗೆ ಅದರ ಹೊಣೆ ಯಾರದು?

ಈ ತೊಡಕು ಇವನ ಎಡಿಟರಿನದಷ್ಟೇ ಅಲ್ಲ. ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಲೋಕಕ್ಕೆ ಬಿಟ್ಟ ವಿಮ್ ಎಂಬ ಎಡಿಟರಿಗೆ 1994ರ 3ನೇ ಆವೃತ್ತಿಯಲ್ಲಿ ಕಿಟಕಿಗಳು ಬಂದವು. ಕಿಟಕಿ ಹಲವು, ಮಾತಿನ ಸಾಲು ಒಂದೇ ಎಂಬ ಪೇಚು ಅದಕ್ಕೂ ಇತ್ತು. 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಮೂಲೆನಾರ್ ಅದನ್ನು ತಿದ್ದುತ್ತಲೇ ಇದ್ದರು. ಪ್ರತಿ ತಿದ್ದುಪಡಿಗೂ ಎರಡು ಬಾಬು ಬರೆಯುವುದು ಅಲ್ಲಿನ ರೂಢಿ: ತೊಂದರೆ ಏನು, ಪರಿಹಾರ ಏನು. ಯಾರದು ತಪ್ಪು ಎಂಬ ಬಾಬಿಗೆ ಅಲ್ಲಿ ಜಾಗವಿಲ್ಲ. ನಮ್ಮ ಪಂಚಾಯ್ತಿಗಳು ಶುರುವಾಗುವುದೇ ಅಲ್ಲಿಂದ, ಇರಲಿ.

ಮಾತು ಅಳಿಸಿಹೋಗದಂತೆ ವಿಮ್ ಕಂಡುಕೊಂಡ ದಾರಿಗಳನ್ನು ತಂಗಿಯ ಮಗ ಒಂದೊಂದಾಗಿ ತೋರಿಸಿದ. ತಿದ್ದಬಾರದೆಂದು ಗುರುತಿಟ್ಟ ಕಡತಕ್ಕೆ ಕೈ ಹಾಕಿದರೆ ಅದು ಎಚ್ಚರಿಕೆ ಕೊಟ್ಟು ಒಂದು ಸೆಕೆಂಡು ಸುಮ್ಮನೆ ನಿಲ್ಲುತ್ತದೆ, ಓದಲಿ ಎಂದು. ಮಾತು ಒಂದು ಸಾಲಿಗೆ ಹಿಡಿಸದಿದ್ದರೆ, ಎಂಟರ್ ಒತ್ತು ಎಂದು ಅಡ್ಡ ನಿಲ್ಲುತ್ತದೆ. ಏನಾದರೊಂದು ಕೀಲಿ ಒತ್ತದ ಹೊರತು ಮುಂದಕ್ಕೆ ಬಿಡದು. ಮೊದಲನೆಯದು ತಾಯಿಯ ರೀತಿ, ಎರಡನೆಯದು ಹಳೆಯ ಕಾಲದ ಅಪ್ಪಂದಿರದು. ನಾನು ಮೇಷ್ಟರಾಗಿ ಮೂವತ್ತು ವರ್ಷ ಎರಡನೆಯ ರೀತಿಯಲ್ಲೇ ಕಳೆದೆ. ಹುಡುಗರು ಎಂಟರ್ ಒತ್ತಿದರು. ಓದಿದರೆ?

ಇವೆರಡನ್ನೂ ಬಿಟ್ಟು ಇನ್ನೊಂದು ದಾರಿಯಿದೆ. ಹೇಳಬೇಕಾದ ಮಾತನ್ನು ಒಂದು ಕಡೆ ಎತ್ತಿಟ್ಟುಕೊಳ್ಳುವುದು. ಪರದೆ ತನ್ನ ಗಡಿಬಿಡಿ ಮುಗಿಸಲಿ, ಕಿಟಕಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬರಲಿ. ಆಮೇಲೆ ಕೊನೆಯಲ್ಲಿ ಆ ಸಾಲನ್ನು ಬರೆಯುವುದು. ವಿಮ್‌ನ ಒಡಲಲ್ಲಿ ಇದಕ್ಕೆಂದೇ ಒಂದು ಪುಟ್ಟ ಡಬ್ಬಿ ಇದೆ. ಹೆಸರು ಕೀಪ್ ಮೆಸೇಜ್, ಅಂದರೆ ಮಾತನ್ನು ಇಟ್ಟುಕೊ. ನನ್ನ ಎಡಿಟರಿಗೂ ಹುಡುಗ ಅಂಥದೇ ಒಂದು ಡಬ್ಬಿ ಮಾಡಿದ. ಹೊಸದಾಗಿ ಬರೆದದ್ದು ನಾಲ್ಕು ಸಾಲು, ಅಷ್ಟೆ. ದನಿ ಏರಿಸಲಿಲ್ಲ, ಅಕ್ಷರ ಕೆಂಪು ಮಾಡಲಿಲ್ಲ. ಮನೆಯಲ್ಲಿ ಕಾಯಿಲೆಯ ಸುದ್ದಿಯನ್ನೋ ಸಾಲದ ಸುದ್ದಿಯನ್ನೋ ಸೆರಗಿನ ಗಂಟಲ್ಲಿ ಇಟ್ಟುಕೊಂಡು, ಎಲ್ಲರ ಊಟವಾಗಿ ಎಲೆ ಎತ್ತುವ ತನಕ ಕಾಯುತ್ತಿದ್ದ ನಮ್ಮ ಅವ್ವಂದಿರು ಬಲ್ಲ ವಿದ್ಯೆ ಇದೇ ಅಲ್ಲವೆ?

ಉಳಿದರೆ ಸಾಕೆ ಎಂಬ ಪ್ರಶ್ನೆ ಆಗ ನನ್ನೊಳಗೇ ಎದ್ದಿತು. ಹೊತ್ತೂ ಕಾಯುವ ಹಂಗಿಲ್ಲದೆ, ಯಾವ ಪರದೆಯೂ ಒರೆಸಲಾಗದ ಹಾಗೆ ಬರೆದವರು ನಮ್ಮ ಶಾಸನದ ಜನ. ಈ ದಾನವನ್ನು ಕೆಡಿಸಿದವನು ನರಕಕ್ಕೆ ಹೋಗಲಿ ಎಂಬ ಶಾಪವನ್ನೂ ಕೊನೆಗೆ ಕೊರೆಸಿದರು. ಕಲ್ಲು ಉಳಿಯಿತು. ಎಷ್ಟೋ ಊರಲ್ಲಿ ಅದರ ಮೇಲೆ ಬಟ್ಟೆ ಒಗೆದೆವು, ಮೆಟ್ಟಿಲಿಗೆ ಹಾಕಿ ತುಳಿದೆವು. ಒಂದು ಮಾತು ಕಾಣುವ ಮೊದಲೇ ಹೋಯಿತು, ಇನ್ನೊಂದು ಕಣ್ಣೆದುರೇ ಇದ್ದೂ ಕಾಣದೆ ಹೋಯಿತು. ಯಾವುದರ ನಷ್ಟ ದೊಡ್ಡದು?

ಎಡಿಟರಿನಲ್ಲಿ ಇನ್ನೂ ಒಂದು ಕೊರತೆ ಕಂಡೆ. ಸಂದೇಶ ಈಗ ನಿಲ್ಲುತ್ತದೆ, ಆದರೆ ಯಾವ ಕಿಟಕಿಯದು ಎಂದು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಸಾಲು ಎಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುದು ಕನ್ನಂಬಾಡಿ ಕಟ್ಟೆಯ ಮಟ್ಟ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುವ ಅಂಕಿ ಅದು. 124.80 ಅಡಿ ಎಂದರೆ ಕಟ್ಟೆ ಭರ್ತಿ. ಪಾಂಡವಪುರದ ನಾಲೆಯ ಕೆಳಗಿನ ಗದ್ದೆಯವನಿಗೆ ಆ ಅಂಕಿಯೇ ಭತ್ತ, ಅದೇ ಕಬ್ಬು. ಹೇಮಾವತಿ ಕಾವೇರಿಗೆ ಸೇರುವ ಕೆ.ಆರ್.ಪೇಟೆ ಕಡೆಯಲ್ಲಿ ಹಿನ್ನೀರು ಎಲ್ಲಿವರೆಗೆ ಏರೀತು ಎಂಬ ಲೆಕ್ಕ. ಮಳೆಯನ್ನೇ ನಂಬಿ ರಾಗಿ ಬಿತ್ತಿದ ನಾಗಮಂಗಲದ ಹೊಲದವನು ಅದನ್ನು ನೆಂಟರ ಮನೆಯ ಮದುವೆ ಸುದ್ದಿಯಂತೆ ಓದುತ್ತಾನೆ: ಸಂತೋಷವೇ, ಊಟ ಮಾತ್ರ ತನಗಲ್ಲ. ನಮಗೆ, ಹೊಳೆ ಎರಡು ಸೀಳಾಗಿ ಸುತ್ತಿ ಹರಿಯುವ ಈ ದ್ವೀಪದವರಿಗೆ, ಅದೇ ಅಂಕಿ ದಡ ಬಿಡಿ ಎಂಬ ಎಚ್ಚರಿಕೆ. ಸಾಲು ಒಂದು, ಕಿಟಕಿ ನಾಲ್ಕು. ಬರೆಯುವವನು ನಾಲ್ಕನ್ನೂ ನೋಡಿ ಬರೆಯಲು ಆದೀತೆ? ಓದುವವನಾದರೂ ಇದು ನನಗೊಬ್ಬನಿಗೇ ಬಂದದ್ದು ಎಂದು ತಿಳಿಯದೆ ಇದ್ದಾನೆಯೆ?

ಕಡತದ ಹೆಸರನ್ನೂ ಸಾಲಿಗೆ ಸೇರಿಸು ಮಾರಾಯ ಎಂದೆ. "ಸೇರಿಸಿದ್ರೆ ಉದ್ದಾಯ್ತದೆ ಮಾವ, ಆಗ ಎಂಟರ್ ಒತ್ತಬೇಕಾಯ್ತದೆ" ಎಂದು ಅವನು ತಲೆ ಕೆರೆದುಕೊಂಡ. ಕೊನೆಗೆ ಚಿಕ್ಕದು ಮಾಡಿ ಸೇರಿಸಿದ.

ಸಂಜೆ ಅವನನ್ನು ಬಸ್ಸಿಗೆ ಹತ್ತಿಸಿ ಬರುವಾಗ ಬೀದಿಯ ಆ ತುದಿಯಲ್ಲಿ ಮೈಕು ಕಟ್ಟಿದ ಆಟೋ ಏನೋ ಕೂಗುತ್ತ ಹೋಯಿತು. ಕಟ್ಟೆ, ನೀರು, ದನಕರು ಎಂಬಷ್ಟು ಕೇಳಿತು. ಅಷ್ಟರಲ್ಲಿ ಎದುರಿಂದ ಬಂದ ಬಸ್ಸು ಹಾರ್ನ್ ಹೊಡೆದು ಉಳಿದದ್ದನ್ನು ನುಂಗಿತು. ಎದುರುಮನೆಯಾಕೆ ಕೈಯಲ್ಲಿ ಮೊರ ಹಿಡಿದುಕೊಂಡೇ ಗೇಟಿನ ತನಕ ಓಡಿ ಬಂದರು.

"ಏನಂತೆ ಮೇಷ್ಟ್ರೇ? ನಮಗಂತಾ, ಆ ದಡದವರಿಗಂತಾ?"

ನಾನು ಚಪ್ಪಲಿ ಸರಿಮಾಡಿಕೊಂಡು ಆಟೋ ಹೋದ ದಿಕ್ಕಿಗೆ ನಡೆದೆ.