ಅಭ್ಯಾಸಿಯ ಹೊಣೆ ಎಲ್ಲಿಯ ವರೆಗೆ?

ಶನಿವಾರ ಸಾಯಂಕಾಲ ಬಸ್ಸಿನಿಂದಿಳಿದು ಹೆಗಲಿಗೆ ಚೀಲ ಹಾಕಿಕೊಂಡು ನಿಮ್ಮ ಗ್ರಾಮಸಭೆಗೆ ಬರುವ ಯೌವನಸ್ಥನನ್ನು ನೀವು ಕಂಡಿದ್ದೀರಿ. ಅವನು ಇನ್ನೂ ಸಭಾಪಾಲಕನಲ್ಲ, ಸಭಾಪಾಲನೆಯನ್ನು ಕಲಿಯುವವನು. ಆದಾಗ್ಯೂ ಅವನು ಅಂಗಳಕ್ಕೆ ಕಾಲಿಡುತ್ತಲೇ ಮನೆಯ ಹಿರಿಯರು ಎದ್ದು ಕುರ್ಚಿ ಕೊಡುತ್ತಾರೆ. ಅವನ ತಾಯಿಗಿಂತಲೂ ಹಿರಿಯಳಾದ ಸ್ತ್ರೀಯು ಅವನನ್ನು ಅಯ್ಯನವರೇ ಎಂದು ಕರೆಯುತ್ತಾಳೆ. ಅಧಿಕಾರವು ಇನ್ನೂ ಕೊಡಲ್ಪಡದವನಿಗೆ ಗೌರವವು ಮುಂಚಿತವಾಗಿಯೇ ಬಂದುಬಿಡುತ್ತದೆ. ಹೀಗಿರಲಾಗಿ ಇಂಥವನ ಹೊಣೆ ಯಾವದು, ಅದು ಎಲ್ಲಿಯ ವರೆಗೆ ಹೋಗುತ್ತದೆ ಎಂಬದು ಸಣ್ಣ ಪ್ರಶ್ನೆಯಲ್ಲ.

ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ ಬಾಸೆಲ್ ಮಿಶನಿನವರು 1840 ರ ದಶಕದಲ್ಲಿ ಉಪದೇಶಿಗಳನ್ನು ಸಿದ್ಧಪಡಿಸತೊಡಗಿದರು. ಆ ಸೆಮಿನರಿಯು 1965 ರಲ್ಲಿ ತುಮಕೂರಿನ ಸೆಮಿನರಿಯೊಂದಿಗೆ ಕೂಡಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು. ಅಲ್ಲಿ ನಾವು ಗ್ರೀಕ್, ಇಬ್ರಿಯ ಭಾಷೆಗಳನ್ನೂ ಸಭಾಚರಿತ್ರೆಯನ್ನೂ ಪ್ರಸಂಗ ಮಾಡುವ ಕ್ರಮವನ್ನೂ ಕಲಿತೆವು. ಆದರೆ ಬಯಲುಸೀಮೆಯಿಂದ ಬಂದ ನಮಗೆ ಮೊದಲು ಎದುರಾದ ಪಾಠವು ಪುಸ್ತಕದ್ದಲ್ಲ, ತುಳುವಿನದು. ಜೆಪ್ಪು, ಬೊಕ್ಕಪಟ್ಣಗಳಲ್ಲಿ ನಮ್ಮವರ ಆರಾಧನೆಯು ಕನ್ನಡದಲ್ಲಿ ನಡೆಯುತ್ತದೆ. ಮನೆಯೊಳಗಿನ ಜಗಳವೂ ಅಳುವೂ ತುಳುವಿನಲ್ಲಿ. ಗ್ರೈನರ್, ಅಮ್ಮನ್ ಎಂಬವರು 1847 ರಲ್ಲಿಯೇ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದದ್ದೂ, ಬ್ರಿಗೆಲರು 1872 ರಲ್ಲಿ ತುಳು ವ್ಯಾಕರಣವನ್ನೂ ಮ್ಯಾನರರು 1886 ರಲ್ಲಿ ನಿಘಂಟನ್ನೂ ಅಚ್ಚು ಹಾಕಿಸಿದ್ದೂ ಏಕೆಂಬದು ನಮಗೆ ಒಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಅರ್ಥವಾಯಿತು. ಅದನ್ನೇ ಇಲ್ಲಿ ಹೇಳಬೇಕಾಗಿದೆ.

ಹದಿನೆಂಟು ವರ್ಷಗಳ ಕೆಳಗೆ, ಆಟಿ ತಿಂಗಳ ಒಂದು ರಾತ್ರಿ. ನಮ್ಮನ್ನು ಅಭ್ಯಾಸಕ್ಕಾಗಿ ನೇಮಿಸಿದ್ದ ಸಭೆಯ ಪಾಲಕರು ಮಡಿಕೇರಿಗೆ ಹೋಗಿದ್ದರು, ಬೆಳಿಗ್ಗೆ ಬರತಕ್ಕವರು. ಹನ್ನೆರಡು ಗಂಟೆಯ ಸುಮಾರಿಗೆ ಜೆಪ್ಪಿನ ಕಡೆಯ ಒಂದು ಮನೆಯಿಂದ ಫೋನು ಬಂತು. ಹೋಗಿ ನೋಡಿದರೆ ಅಜ್ಜಿಯೊಬ್ಬರು ಕಡೇ ಉಸಿರಿನಲ್ಲಿದ್ದರು. ಅವರು ನಮ್ಮನ್ನು ಗುರುತಿಸಿ, ಕರ್ತನ ಭೋಜನವನ್ನು ಕೊಡಿರಿ ಎಂದು ಕೇಳಿದರು. ಸೊಸೆಯು ಆಗಲೇ ಒಂದು ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದಳು.

ನಮಗೆ ಆ ಅಧಿಕಾರವಿರಲಿಲ್ಲ. 1947 ರ ಸೆಪ್ಟೆಂಬರ್ 27 ರಂದು ಮದ್ರಾಸಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯ ಕ್ರಮದಲ್ಲಿ ಡೀಕನರು, ಸಭಾಪಾಲಕರು, ಬಿಷಪರು ಎಂಬ ಮೂರು ಪದವಿಗಳುಂಟು. ಡೀಕನರಾದವರು ಸಹ ಭೋಜನ ಸಂಸ್ಕಾರವನ್ನು ತಾವೇ ನಡಿಸುವಂತಿಲ್ಲ, ಸಭಾಪಾಲಕರೊಂದಿಗೆ ನಿಂತು ಸಹಾಯ ಮಾಡಬಹುದು. ನಾವಾದರೋ ಡೀಕನರೂ ಅಲ್ಲ. ಆದಕಾರಣ ನಾವು ಆ ಹಾಸಿಗೆಯ ಪಕ್ಕದಲ್ಲಿ ನಿಂತುಕೊಂಡೇ, ಶುದ್ಧ ಕನ್ನಡದಲ್ಲಿ, ಕಾಲು ಗಂಟೆಯಷ್ಟು ಹೊತ್ತು ಸಭೆಯ ಕ್ರಮವನ್ನು ವಿವರಿಸಿದೆವು. ಅಜ್ಜಿಯು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಆಗ ಸೊಸೆಯು, ಕುಲ್ಲುಲೆ ಅಯ್ಯಾ, ಎಂದಳು. ಕುಳಿತುಕೊಳ್ಳಿ ಎಂದು ಅರ್ಥ. ಕುಳಿತೆವು. ಚಮಚದಿಂದ ಗಂಜಿಯ ತಿಳಿಯನ್ನು ತುಟಿಗೆ ಮುಟ್ಟಿಸಿದೆವು. ಬರುವಷ್ಟು ತುಳುವಿನಲ್ಲಿ ಪ್ರಾರ್ಥಿಸಿದೆವು. ನಾಲ್ಕು ಗಂಟೆಗೆ ಅವರ ಪ್ರಾಣ ಹೋಯಿತು.

ನಾವು ನಿಯಮವನ್ನು ಮೀರಬೇಕಾಗಿತ್ತೋ ಎಂಬ ಪ್ರಶ್ನೆಯು ಬಹುಕಾಲ ನಮ್ಮನ್ನು ಬಿಡಲಿಲ್ಲ. ಅನೇಕ ಸಭೆಗಳಲ್ಲಿ, ಶಿಶು ಸಾಯುವ ಹಾಗಿದ್ದರೆ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಕೊಡಬಹುದೆಂದಿದೆ. ಹಾಗಾದರೆ ಭೋಜನಕ್ಕೆ ಏಕೆ ಇಲ್ಲ ಎಂದು ಗೆಳೆಯರು ವಾದಿಸಿದರು. ನಮಗೆ ತೋಚುವದೇನಂದರೆ, ದೀಕ್ಷಾಸ್ನಾನವು ಒಬ್ಬನನ್ನು ಮನೆಯೊಳಗೆ ಸೇರಿಸುವ ಬಾಗಿಲು. ಬಾಗಿಲನ್ನು ಹತ್ತಿರವಿದ್ದವರು ಯಾರಾದರೂ ತೆರೆಯಬಹುದು. ಭೋಜನವಾದರೋ ಮನೆಯವರೆಲ್ಲರದು, ಅದನ್ನು ಬಡಿಸುವವನನ್ನು ಮನೆಯವರೇ ನೇಮಿಸುತ್ತಾರೆ. ಅಲ್ಲದೆ ಸಂಸ್ಕಾರ ಸಿಕ್ಕದೆ ಸತ್ತವರು ನಷ್ಟವಾದರೆಂದು ನಾವು ಹೇಳುವದಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗೆ ರೊಟ್ಟಿಯನ್ನು ಯಾರು ಕೊಟ್ಟರು? ನಂಬಿದವನು ಆಗಲೇ ಉಂಡವನು ಎಂಬ ಅರ್ಥದಲ್ಲಿ ಅಗುಸ್ತೀನನೂ ಯೋಹಾನನ ಸುವಾರ್ತೆಯನ್ನು ಕುರಿತು ಬೋಧಿಸಿದ್ದಾನೆ. ಆನಂದರಾವ್ ಕೌಂಡಿನ್ಯರಂಥ ವಿದ್ವಾಂಸರು ಸಹ 1844 ರಲ್ಲಿ ದೀಕ್ಷಾಸ್ನಾನ ಹೊಂದಿ, 1846 ರಿಂದ ಬಾಸೆಲ್ ಪಟ್ಟಣದಲ್ಲಿ ಕಲಿತು, 1851 ರಲ್ಲಷ್ಟೇ ಅಭಿಷಿಕ್ತರಾಗಿ ಮಂಗಳೂರಿಗೆ ಮರಳಿದರು. ಕಾಯುವದು ಅವಮಾನವಲ್ಲ. ಆ ಗಂಜಿಯ ತಿಳಿಯೇ ಭೋಜನವಾಯಿತಲ್ಲವೇ ಎಂದು ಒಬ್ಬ ದಯಾಳುವು ನಮ್ಮನ್ನು ಸಂತೈಸಿದ್ದುಂಟು. ಇಲ್ಲ, ಆಗಲಿಲ್ಲ. ಗಂಜಿಯನ್ನು ಗಂಜಿಯೆಂದೇ ಕರೆಯೋಣ.

ನಿರಾಕರಿಸಿದ್ದು ತಪ್ಪಲ್ಲವೆಂದು ಇಂದಿಗೂ ಎಣಿಸುತ್ತೇವೆ. ಆದರೆ ವಾಚಕರೇ, ಈ ದೊಡ್ಡ ಪ್ರಶ್ನೆಯನ್ನು ಅಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದು, ಅದರ ಹಿಂದೆ ಅಡಗಿದ್ದ ಇನ್ನೊಂದನ್ನು ನೋಡಬಾರದೆಂತಲೇ.

ಶವಸಂಸ್ಕಾರವಾದ ಮೂರನೆಯ ದಿನ ಆ ಮನೆಗೆ ಹೋದೆವು. ಸೊಸೆಯು ಕಾಫಿ ತಂದಿಟ್ಟು, ಕೋಪವೇನೂ ಇಲ್ಲದೆ ಕೇಳಿದಳು: ಬಲ್ಮಠದಲ್ಲಿ ದೊಡ್ಡ ಅಯ್ಯನವರು ಎಷ್ಟೋ ಮಂದಿ ಇದ್ದಾರಲ್ಲ ಅಯ್ಯಾ, ರಿಕ್ಷಾದಲ್ಲಿ ಎಷ್ಟು ಹೊತ್ತಿನ ದಾರಿ?

ಕಾಲು ಗಂಟೆಯ ದಾರಿ. ನಮ್ಮ ಗುರುಗಳಲ್ಲಿ ಅಭಿಷಿಕ್ತರಾದ ಸಭಾಪಾಲಕರು ಹಲವರು ಆ ಗುಡ್ಡದ ಮೇಲೆಯೇ ಮಲಗಿದ್ದರು. ನಮ್ಮ ಕಿಸೆಯಲ್ಲಿ ಫೋನು ಇತ್ತು. ಕರೆಯಬೇಕೆಂಬದು ಹೊಳೆಯಲಿಲ್ಲವೆಂದು ಹೇಳಿದರೆ ಸುಳ್ಳಾಗುವದು. ಒಂದು ಗಂಟೆಗೆ ಹೊಳೆಯಿತು, ಎರಡು ಗಂಟೆಗೆ ಇನ್ನೊಮ್ಮೆ ಹೊಳೆಯಿತು. ಅಂಥ ಮಳೆಯಲ್ಲಿ ಹಿರಿಯರನ್ನು ಎಬ್ಬಿಸುವದು ಹೇಗೆ ಎಂದುಕೊಂಡೆವು. ಅದು ಹೊರಗಿನ ಮಾತು. ಒಳಗಿನದು ಏನಂದರೆ, ಮೊದಲನೆಯ ಮರಣಶಯ್ಯೆಯನ್ನು ಈ ಹುಡುಗನು ಒಬ್ಬನೇ ನಿರ್ವಹಿಸಲಾರದೆ ಹೋದನೆಂದು ಅವರು ನಮ್ಮ ವಿಷಯವಾಗಿ ತಿಳಿದಾರೆಂಬ ಭಯ. ಅಧಿಕಾರವಿಲ್ಲದವನು ಅಧಿಕಾರವುಳ್ಳವನನ್ನು ಕರೆತರಬೇಕು. ಅಭ್ಯಾಸಿಯ ಹೊಣೆಯೆಲ್ಲವೂ ಆ ರಾತ್ರಿ ಅಷ್ಟೇ ಆಗಿತ್ತು. ನಮಗೆ ಕುರ್ಚಿ ಕೊಟ್ಟು ಅಯ್ಯನವರೇ ಎಂದ ಮನೆಯಲ್ಲಿ, ಆ ಹೆಸರು ನಮ್ಮದಲ್ಲವೆಂದು ಬಾಯಿಂದ ವಿವರಿಸಿದೆವೇ ಹೊರತು ಅದನ್ನು ಬಿಟ್ಟುಕೊಡಲಿಲ್ಲ.

ಸೊಸೆಗೆ ನಾವು, ಕಾಲು ಗಂಟೆಯ ದಾರಿ ಎಂದಷ್ಟೇ ಉತ್ತರ ಕೊಟ್ಟೆವು. ಅವಳು ಹೂಂ ಎಂದು ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು.

ಈಗ ನಮ್ಮ ಸಭೆಗೆ ಅಭ್ಯಾಸಕ್ಕೆ ಬರುವ ಯೌವನಸ್ಥರಿಗೆ ಪ್ರಸಂಗದ ವಿಷಯ ಹೇಳುವ ಮೊದಲು ಒಂದು ಕಾಗದವನ್ನು ಕೊಡುತ್ತೇವೆ. ರಾತ್ರಿ ಎರಡು ಗಂಟೆಗೆ ಯಾರ ಬಾಗಿಲನ್ನು ತಟ್ಟುವಿರಿ, ಮೂರು ಹೆಸರು ಬರೆಯಿರಿ ಎನ್ನುತ್ತೇವೆ. ಕೆಲವರು ನಗುತ್ತಾರೆ. ಬರೆಯುವ ವರೆಗೂ ನಾವು ಅಲ್ಲಿಯೇ ಕುಳಿತಿರುತ್ತೇವೆ.